ಮೇಲಿನ ಮನೆಯ ಹುಡುಗಿಗೆ ಶಾಲೆ ಹುಡುಕಿದ್ದು

ರಾಮನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸು ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಅವರಿಗೊಬ್ಬಳೇ ಮಗಳು, ಎಂಟು ವರ್ಷದವಳು. ಆ ಹುಡುಗಿಗೆ ಕಿವಿ ಅರ್ಧಂಬರ್ಧ ಕೇಳಿಸುತ್ತದೆ. ಎದುರಿಗೆ ಕೂತು, ತುಟಿ ಕಾಣುವಂತೆ ಮಾತಾಡಿದರೆ ಹೆಚ್ಚುಕಡಿಮೆ ಎಲ್ಲವೂ ತಿಳಿಯುತ್ತದೆ. ಹಿಂದಿನಿಂದ ಕರೆದರೆ ಏನೂ ಇಲ್ಲ. ಬೈಗುಳ ಬೇಡವೆನಿಸಿದಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಡುತ್ತಾಳೆ, ಅಲ್ಲಿಗೆ ಮ್ಯಾಟರ್ ಕ್ಲೋಸ್. ಈ ಅನುಕೂಲ ಕಾನ್ವೆಂಟಿನ ದಿನಗಳಲ್ಲಿ ನನಗಿದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಕಳೆದ ಬೇಸಿಗೆಯಲ್ಲಿ, ಎರಡನೇ ಕ್ಲಾಸಿನ ರಿಸಲ್ಟ್ ಕೊಡುವ ದಿನ, ಅವಳು ಓದುತ್ತಿದ್ದ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯವರು ತಾಯಿಯನ್ನು ಒಳಗೆ ಕರೆದು ಕೂರಿಸಿ, ತಮ್ಮಲ್ಲಿ ಇಂಥ ಮಕ್ಕಳಿಗೆ ಫೆಸಿಲಿಟಿ ಇಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕಿ ಎಂದರಂತೆ. ಬಹಳ ಮರ್ಯಾದೆಯಿಂದಲೇ ಹೇಳಿದರಂತೆ. ಸ್ಪೆಷಲ್ ಸ್ಕೂಲು ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ.

ಆ ಸಂಜೆ ಅವಳು ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಕೆಳಗೆ ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಮಿಸ್, ನೀವು ಇಂಗ್ಲಿಷ್ ಬಲ್ಲೋರು. ಗೌರ್ಮೆಂಟೋರ್ದು ಏನಾರ ಐತಾ ಒಸಿ ನೋಡಿ. ಇಲ್ಲಾಂದ್ರೆ ಜೂನ್‌ಗೆ ಇವಳ್ನ ಊರಿಗೆ ಕಳಿಸ್ಬೇಕಾಯ್ತದೆ. ಅಲ್ಲಿ ಹುಳಿನ ಮನೇಲಿ ಸೊಪ್ಪು ಹಾಕ್ಕೊಂಡು ಕುಂತ್ಬುಡ್ತಾಳೆ. ಆಮೇಲೆ ಸ್ಕೂಲು ಅನ್ನೋದು ಮುಗ್ದಂಗೇಯಾ."

ಊರು ಎಂದರೆ ಮಾಗಡಿಯ ಆಚೆ, ಅವಳ ಗಂಡನ ಹಳ್ಳಿ. ಅಲ್ಲಿ ಅತ್ತೆ ಕಿರಿಯ ಮಗನ ಜೊತೆಗಿದ್ದುಕೊಂಡು ರೇಷ್ಮೆ ಹುಳು ಸಾಕುತ್ತಾಳೆ.

ನಾನು ಕೆಲಸದ ಬದುಕಿಡೀ ಇದೇ ಊರಿನ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಸರ್ಕಾರದ ಶಿಕ್ಷಣ ಇಲಾಖೆಯೆಂದರೆ ನಮಗೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್‌ಗೆ ಬರುತ್ತಿದ್ದ ಜೀಪು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮಾರನೆಯ ದಿನ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಹುಡುಕಲು ಕೂತೆ. ಒಳ್ಳೆಯ ಇಂಗ್ಲಿಷಿನಲ್ಲಿ, ಸ್ಪೆಲಿಂಗ್ ತಪ್ಪದೆ, ಸ್ಟೇಟ್ ಎಜುಕೇಷನ್ ಡಿಪಾರ್ಟ್‌ಮೆಂಟ್, ಕಿವಿ ಕೇಳಿಸದ ಮಗು, ಸಹಾಯ ಎಂದು ಟೈಪ್ ಮಾಡಿದೆ. ಬಂದದ್ದೆಲ್ಲ ಅಮೆರಿಕದ ಸ್ಟೇಟುಗಳು. ಒಂದೊಂದು ಸ್ಟೇಟಿಗೂ ಒಂದೊಂದು ಆಫೀಸು, ನಗುವ ಮಕ್ಕಳ ಫೋಟೋ, ಪೇರೆಂಟ್ಸ್‌ಗೆ ಬೇರೆ ಪುಟ, ಟೀಚರುಗಳಿಗೆ ಬೇರೆ ಪುಟ. ಎಲ್ಲ ವೆರಿ ನೈಸ್. ಕರ್ನಾಟಕ ಎಂದು ಸೇರಿಸಿದ ಮೇಲೆ ಬೆಂಗಳೂರಿನ ಕಚೇರಿಗಳ ಪಟ್ಟಿ ಬಂತು. ಮೇಲೆ ಕಮಿಷನರು, ಅವರ ಕೆಳಗೆ ಡೈರೆಕ್ಟರುಗಳು, ಅವರ ಕೆಳಗೆ ಇನ್ನೂ ಯಾರ್ಯಾರೋ.

ಏನೇ ಹೇಳುವುದಿದ್ದರೂ ನೇರವಾಗಿ ಮದರ್ ಸುಪೀರಿಯರ್ ಹತ್ತಿರ ಹೋಗು ಎಂದು ನಮಗೆ ಕಲಿಸಿದ್ದರು. ಆ ಅಭ್ಯಾಸ ಈ ವಯಸ್ಸಿನಲ್ಲಿ ಹೋಗುವುದಿಲ್ಲ. ತೀರ ಮೇಲಿದ್ದ ನಂಬರಿಗೇ ಫೋನ್ ಮಾಡಿದೆ. ಎತ್ತಿದವರು ತಾಳ್ಮೆಯಿಂದ ಕೇಳಿಸಿಕೊಂಡು, "ಯಾವ ಡಿಸ್ಟ್ರಿಕ್ಟ್ ಮೇಡಂ?" ಎಂದು ಜಿಲ್ಲಾ ಕಚೇರಿಯ ನಂಬರು ಕೊಟ್ಟರು. ಜಿಲ್ಲಾ ಕಚೇರಿಯವರು, "ಯಾವ ಬ್ಲಾಕು?" ಎಂದರು.

"ಬ್ಲಾಕ್ ಅಂದರೆ?"

"ತಾಲ್ಲೂಕು ಮೇಡಂ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಒಂದೊಂದಕ್ಕೂ ಒಬ್ಬೊಬ್ರು ಬಿ.ಇ.ಓ. ಇರ್ತಾರೆ. ನಿಮ್ಮ ಮಗು ಯಾವುದ್ರಲ್ಲಿ ಬರುತ್ತೆ?"

"ಮಗು ಇರುವುದು ರಾಮನಗರ. ಆಧಾರ್ ಕಾರ್ಡು ಮಾಗಡಿಯದು."

"ಮಗು ಎಲ್ಲಿ ಓದುತ್ತೋ ಅಲ್ಲಿಗೇ ಹೋಗಿ. ಕಾರ್ಡು ಓದಲ್ಲ."

ಫೋನಿನಲ್ಲಿ ಸರ್ಕಾರ ಜೋಕ್ ಮಾಡಿದ್ದು ಅದೇ ಮೊದಲು. ನನಗೆ ಸ್ವಲ್ಪ ಧೈರ್ಯ ಬಂತು.

ಮುಂದಿನ ಒಂದು ತಿಂಗಳಲ್ಲಿ ತಿಳಿದದ್ದೆಲ್ಲ ಕಾಲಿನ ಮೂಲಕ, ಕಚೇರಿಯಿಂದ ಕಚೇರಿಗೆ ಅಲೆದು. ಕಿವಿ ಕೇಳಿಸದ ಮಕ್ಕಳ ಹಾಸ್ಟೆಲ್ ಶಾಲೆಗಳು ಶಿಕ್ಷಣ ಇಲಾಖೆಯವಲ್ಲ, ಅದು ಬೇರೆ ಇಲಾಖೆ. ಕಿವಿ ಎಷ್ಟು ಕೇಳಿಸುತ್ತದೆಂದು ಸರ್ಟಿಫಿಕೇಟು ಕೊಡುವುದು ಆಸ್ಪತ್ರೆ, ಅದು ಮೂರನೆಯ ಇಲಾಖೆ. ಆದರೆ ಮಗು ಮನೆಯ ಹತ್ತಿರದ ಮಾಮೂಲಿ ಶಾಲೆಯಲ್ಲೇ ಓದಬೇಕೆಂದರೆ ಬಿ.ಇ.ಓ. ಆಫೀಸಿನವರು ಒಬ್ಬ ರಿಸೋರ್ಸ್ ಟೀಚರನ್ನು ತೋರಿಸುತ್ತಾರೆ. ಇಂಥ ಮಕ್ಕಳಿಗೋಸ್ಕರವೇ ಶಾಲೆಯಿಂದ ಶಾಲೆಗೆ ತಿರುಗುವ ಟೀಚರು. ಅಂಥವರೊಬ್ಬರು ಇದ್ದಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಆ ಇಂಗ್ಲಿಷ್ ಮೀಡಿಯಂ ಶಾಲೆಯವರಿಗೂ ಗೊತ್ತಿದ್ದಂತಿಲ್ಲ. ನಾನು ಫೋನ್ ಮಾಡಿದ ದಿನ ಆಕೆ ಚನ್ನಪಟ್ಟಣದಲ್ಲಿ ಮಕ್ಕಳ ತಪಾಸಣೆಯ ಕ್ಯಾಂಪಿನಲ್ಲಿದ್ದಳು. "ಮಗೀನ ಕರ್ಕೊಂಡೇ ಬಂದ್ಬುಡಿ ಮೇಡಂ, ನಾಳೇನೂ ಐತೆ" ಎಂದಳು ಫೋನಿನಲ್ಲಿ.

ತಾಯಿ ರಜೆ ಹಾಕಿದಳು. ಮೂವರೂ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋದೆವು. ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಡಾಕ್ಟರುಗಳು ಕೂತಿದ್ದರು. ಹುಡುಗಿಯ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತು ಎಂದರು. ಅವಳು ಸದ್ದಿಗೆ ಕಾಯದೆ ಡಾಕ್ಟರ ಬೆರಳನ್ನೇ ನೋಡುತ್ತಾ, ಅವರು ಬಟನ್ ಒತ್ತಿದಾಗಲೆಲ್ಲ ಕೈ ಎತ್ತಿದಳು. ಫಸ್ಟ್ ಕ್ಲಾಸ್ ಕಿವಿ! ರಿಸೋರ್ಸ್ ಟೀಚರು ನಕ್ಕು, ಅವಳನ್ನು ಕುರ್ಚಿಸಮೇತ ಗೋಡೆಗೆ ತಿರುಗಿಸಿ ಕೂರಿಸಿದಳು. ಆಮೇಲೆ ಕೈ ಅಷ್ಟಾಗಿ ಏಳಲಿಲ್ಲ. ತಾಯಿ ಕಿಟಕಿಯಾಚೆ ನೋಡಿದಳು.

ರಿಸೋರ್ಸ್ ಟೀಚರು ಕನಕಪುರದ ಕಡೆಯವಳು, ಗಟ್ಟಿ ಗಂಟಲು. ಹೇಳಿದ್ದು ಇಷ್ಟು: ಸ್ಪೆಷಲ್ ಸ್ಕೂಲು ಬೇಕಿಲ್ಲ. ಮಿಷನ್ ಬರುತ್ತದೆ, ಅಂದರೆ ಕಿವಿಗೆ ಹಾಕುವುದು. ವಾರ್ಡಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಸೇರಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಬೇಕು. ಆಕೆ ಆಗಾಗ ಬಂದು ಕ್ಲಾಸ್ ಟೀಚರಿಗೂ ಮಗುವಿಗೂ ತೋರಿಸಿಕೊಡುತ್ತಾಳೆ. "ಅಡ್ಮಿಷನ್ನಿಗೆ ಮುಂಚೆ ಒಂದ್ಸಲ ಮನೆ ನೋಡ್ಬೇಕು. ಬತ್ತೀನಿ" ಎಂದಳು.

ವಾಪಸು ಬಸ್ಸಿನಲ್ಲಿ ನನಗೆ ಕೆಲಸ ಮುಗಿಯಿತೆಂದೇ ಅನಿಸಿತ್ತು. ರಾಮನಗರ ಹತ್ತಿರವಾದಾಗ ತಾಯಿ ಬಾಯಿಬಿಟ್ಟಳು.

"ಮಿಸ್, ಒಂದ್ಮಾತು ಯೋಳಿಲ್ಲ ನಿಮ್ಗೆ. ನಮ್ಮತ್ತೆ ಆಗ್ಲೇ ಅಮ್ಮನ್ನ ಕೇಳ್ಬುಟ್ಟವ್ರೆ."

ಅಮ್ಮ ಎಂದರೆ ಅವರ ಊರ ದೇವತೆ. ಕೇಳುವುದು ಹೀಗೆ: ಪೂಜಾರಿ ದೇವಿಯ ಕಲ್ಲಿನ ಮೈಗೆ ಎಡಕ್ಕೂ ಬಲಕ್ಕೂ ಒದ್ದೆ ಹೂಗಳನ್ನು ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೂತು ಮನಸ್ಸಿನೊಳಗೇ ಕೇಳಬೇಕು. ಹೂ ಬೀಳುವವರೆಗೆ ಬಾಯಿಬಿಟ್ಟು ಯಾರಿಗೂ ಹೇಳುವಂತಿಲ್ಲ. ಬಲಗಡೆಯ ಹೂ ಬಿದ್ದರೆ ಸರಿ, ಎಡಗಡೆಯದು ಬಿದ್ದರೆ ಬೇಡ. ಒಮ್ಮೆ ಉತ್ತರ ಬಂದದ್ದನ್ನೇ ಆ ವರ್ಷ ಮತ್ತೆ ಕೇಳುವ ಹಾಗಿಲ್ಲ. ಅತ್ತೆ ಗುಡಿಯಿಂದ ಮನೆಗೆ ಬಂದು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಅಮ್ಮ ಎಡಗಡೆ ಕೊಟ್ಟಳು, ಬೇಡ ಅಂದಳು.

"ಸ್ಕೂಲು ಬೇಡ ಅಂತಲೇ?"

"ಇನ್ನೇನ್ ಮಿಸ್? ಅದೇ ಮಾತು ತಾನೆ ಆಗ ನಡೀತಿದ್ದುದ್ದು. ದೇವ್ರಿಗೆ ಏನ್ ಗೊತ್ತು ಮೂರ್ನೇ ಕ್ಲಾಸು?" ಎಂದವಳೇ, ಬಸ್ಸಿನಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಹುಡುಗಿ ಅದನ್ನು ಆಟವೆಂದುಕೊಂಡು ತಾನೂ ಬಡಿದುಕೊಂಡಳು.

ಕಾನ್ವೆಂಟಿನ ಚಾಪೆಲಿನಲ್ಲಿ ಮಂಡಿಯೂರಿ ನಾವೂ ಮನಸ್ಸಿನೊಳಗೇ ಕೇಳುತ್ತಿದ್ದೆವು. ನಮಗೆ ಎಡವೂ ಬೀಳುತ್ತಿರಲಿಲ್ಲ, ಬಲವೂ ಬೀಳುತ್ತಿರಲಿಲ್ಲ. ಯಾವ ಉತ್ತರ ಬಂತೆಂದು ನಾವೇ ಊಹಿಸಿಕೊಳ್ಳಬೇಕಿತ್ತು. ಬದುಕಿನ ಒಂದೆರಡು ದೊಡ್ಡ ವಿಷಯಗಳಲ್ಲಿ ನಾನು ಹಾಗೆ ಊಹಿಸಿಕೊಂಡೇ ನಡೆದೆ. ಬಹುಶಃ ಹೂವೇ ವಾಸಿ.

ಮುಂದಿನ ವಾರ ಅತ್ತೆಯೇ ಬಂದಳು. ಒಂದು ತಂಡದ ಹುಳುಗಳು ಗೂಡು ಕಟ್ಟಿ ಮುಗಿಸಿದ್ದವು, ಆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ, ಹರಾಜು ಮುಗಿಸಿಕೊಂಡು, ಸೆರಗಿನಲ್ಲಿ ರೇಷ್ಮೆಗೂಡಿನ ವಾಸನೆ ಹೊತ್ತು ಮಧ್ಯಾಹ್ನ ಮೆಟ್ಟಿಲು ಹತ್ತಿದಳು. ಅದೇ ಹೊತ್ತಿಗೆ ರಿಸೋರ್ಸ್ ಟೀಚರ ಸ್ಕೂಟರ್ ಗೇಟಿನ ಮುಂದೆ ನಿಂತಿತು. ಸೊಸೆ ಗಾಬರಿಯಿಂದ ನನ್ನನ್ನೂ ಮೇಲಕ್ಕೆ ಕರೆದಳು.

ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬನ್ನಿ ಮೇಡಮ್ಮ. ನೀವೇನೋ ಸರ್ಕಾರನೆಲ್ಲ ಜಾಲಾಡಿದ್ರಂತೆ" ಎಂದಳು.

ಟೀಚರು ಚಾಪೆಯ ಮೇಲೆ ಹುಡುಗಿಯ ಎದುರಿಗೆ ಕೂತು ಏನೋ ಆಟವಾಡಿಸುತ್ತ, ತಲೆ ಎತ್ತದೆಯೇ ಕೇಳಿದಳು. "ಸ್ಕೂಲ್ ಬುಟ್ಮೇಲೆ ಮಗ ಯಾರ್ ತಾವ ಇರ್ತದೆ? ಮಿಷನ್ ಹಾಕುದ್ರೆ ಸಾಲ್ದು. ದಿನಾ ಸಂಜೆ ಒಬ್ರು ಎದ್ರಿಗೆ ಕುಂತ್ಕೊಂಡು ಮಾತಾಡುಸ್ಬೇಕು. ಇಲ್ಲಾಂದ್ರೆ ಮಿಷನ್ ಡಬ್ಬೀಲಿ ಇರ್ತದೆ, ಮಗ ಬೀದೀಲಿ ಇರ್ತದೆ."

ಎರಡನೇ ಶಿಫ್ಟಿನ ವಾರ ಸೊಸೆ ಮನೆ ಸೇರುವಾಗ ಹುಡುಗಿ ಮಲಗಿರುತ್ತಾಳೆ. ಇಷ್ಟು ದಿನ ಅದನ್ನು ಅಕ್ಕಪಕ್ಕದವರು ಹೇಗೋ ನಿಭಾಯಿಸಿದ್ದರು.

"ಅದ್ನೇ ಕಣವ್ವ ನಾನೂ ಅಮ್ಮನ್ನ ಕೇಳಿದ್ದು" ಎಂದಳು ಅಜ್ಜಿ.

ಎಲ್ಲರೂ ಅವಳ ಕಡೆ ತಿರುಗಿದೆವು.

"ಹುಳಿನ ಮನೆ ಬುಟ್ಟು ರಾಮ್ನಗ್ರಕ್ಕೆ ಬಂದು ಮಗೀನ್ ನೋಡ್ಕೊಂಡು ಇದ್ಬುಡ್ಲಾ ಅಂತ ಕೇಳ್ದೆ. ಬ್ಯಾಡ ಅಂದ್ಲು. ನಾನ್ ಬಂದ್ಬುಟ್ರೆ ಅಲ್ಲಿ ಸೊಪ್ಪು ಹಾಕೋರ್ಯಾರು? ಕಿರಿ ಸೊಸೆ ಬಾಣಂತಿ. ಹುಳ ಹೊತ್ತೊತ್ಗೆ ತಿನ್ನದೆ ಇದ್ರೆ ಗೂಡು ಕಟ್ತವಾ?"

"ಅತ್ಯಮ್ಮ! ಸ್ಕೂಲಿಗ್ ಹಾಕ್ಲಾ ಬ್ಯಾಡ್ವಾ ಅಂತ ಕೇಳಿಲ್ವಾ?"

"ಅದ್ಯಾಕ್ ಕೇಳ್ಲಿ? ಸ್ಕೂಲಿಗ್ ಹಾಕೋದಕ್ಕೂ ದೇವ್ರನ್ನ ಕೇಳ್ತಾರಾ ಯಾರಾರ? ನಿನ್ ಗಂಡನ್ನ ಹಾಕ್ದಾಗ ಕೇಳಿದ್ನಾ? ಕೇಳಿದ್ರೆ ವಸಿ ಓದಿರೋನೋ ಏನೋ."

ಟೀಚರು ನಕ್ಕಳು. ಸೊಸೆಗೆ ನಗುವುದೋ ಅಳುವುದೋ ತಿಳಿಯದೆ ಅಡುಗೆಮನೆಗೆ ಹೋಗಿ ಲೋಟಗಳ ಸದ್ದು ಮಾಡಿದಳು. "ಒಂದ್ಮಾತು ಬಿಡಿಸಿ ಯೋಳ್ಬಾರ್ದಾ" ಎಂದು ಅಲ್ಲಿಂದಲೇ ಗೊಣಗಿದಳು. "ನೀನ್ ಕೇಳ್ಬಾರ್ದಾ?" ಎಂದಳು ಅಜ್ಜಿ. ಇಬ್ಬರದೂ ನ್ಯಾಯವೇ. ಏನು ಕೇಳಿದಿರಿ ಎಂದು ಕೇಳುವುದು ಅವರ ಕಡೆ ಮರ್ಯಾದೆಯಲ್ಲ. ನಾನಂತೂ ಮೂರು ಇಲಾಖೆಗಳನ್ನು ವಿಚಾರಿಸಿದ್ದೆ. ಸಂಜೆ ಮಗು ಎಲ್ಲಿರುತ್ತದೆ ಎನ್ನುವುದು ಯಾವ ಆಫೀಸಿನ ಸಬ್ಜೆಕ್ಟೂ ಆಗಿರಲಿಲ್ಲ.

ಹಾಗಾದರೆ ಪ್ರಶ್ನೆ ಉಳಿದದ್ದು ಅಷ್ಟೇ. ಸ್ಕೂಲು ಇದೆ, ಮಿಷನ್ ಬರುತ್ತದೆ, ಟೀಚರು ಇದ್ದಾಳೆ. ಸಂಜೆಗೆ ಮಾತ್ರ ಜನವಿಲ್ಲ. ಸಂಜೆ ಇಲ್ಲದಿದ್ದರೆ ಹುಡುಗಿ ಮಾಗಡಿಗೆ.

"ಸಂಜೆ ನಾನಿರುತ್ತೇನೆ" ಎಂದೆ. ಯೋಚಿಸಿ ಆಡಿದ ಮಾತಲ್ಲ.

ಅಜ್ಜಿ ಕಾಲು ಮಡಚಿಕೊಂಡು ನೆಟ್ಟಗೆ ಕೂತಳು. "ನೀವು ಮಕ್ಳ ಮನೆಗೆ ಅಂತ ಒಂಟೋಗ್ಬುಟ್ರೆ?"

"ನನಗೆ ಮಕ್ಕಳಿಲ್ಲ. ಮದುವೆಯಾಗಲಿಲ್ಲ."

"ಯಾಕೆ?"

ಹೀಗೆ ಚಾಪೆಯ ಮೇಲೆ ಕೂರಿಸಿ ಯಾರಾದರೂ ನನ್ನನ್ನು ಕೇಳಿ ಬಹಳ ಕಾಲವಾಗಿತ್ತು. ಕೇಳುವ ವಯಸ್ಸಿನವರೆಲ್ಲ ಹೋಗಿಬಿಟ್ಟಿದ್ದಾರೆ. "ಹಾಗೇ ಆಯಿತು" ಎಂದೆ.

"ಹೂಂ" ಎಂದಳು ಅಜ್ಜಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವಳ ಹಾಗೆ. "ಇಸ್ಕೂಲ್ ಮೇಡಮ್ಮೋರು ಹೊಡಿತಾರೆ."

"ನಾನು ಹೊಡೆಯುತ್ತಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ."

"ಅಮ್ಮನ್ನ ಒಂದ್ಮಾತು ಕೇಳ್ಬುಟ್ಟು ಯೋಳ್ತೀನಿ."

ರಿಸೋರ್ಸ್ ಟೀಚರು ಬ್ಯಾಗು ಎತ್ತಿಕೊಂಡು, "ಬೇಗ ಕೇಳಜ್ಜಿ. ಸ್ಕೂಲ್ ಶುರುವಾಯ್ತದೆ" ಎಂದು ಮೆಟ್ಟಿಲಿಳಿದಳು.

ಆ ನಾಲ್ಕಾರು ದಿನಗಳನ್ನು ನಾನು ಕಳೆದ ರೀತಿ ನನಗೇ ಸ್ವಲ್ಪ ವಿಚಿತ್ರವಾಗಿತ್ತು. ನೌಕರಿಯ ಇಂಟರ್‌ವ್ಯೂಗೂ ಹಾಗೆ ಕಾದಿರಲಿಲ್ಲ. ಮಂಗಳವಾರ, ಶುಕ್ರವಾರ ಅಮ್ಮನ ವಾರ. ಆದರೆ ಆ ಮಂಗಳವಾರ ಹೂ ಬೀಳಲೇ ಇಲ್ಲವಂತೆ. ಅಜ್ಜಿ ಹೊತ್ತು ಮುಳುಗುವವರೆಗೂ ಕೂತು, ಹುಳುಗಳಿಗೆ ಸೊಪ್ಪು ಹಾಕಬೇಕೆಂದು ಎದ್ದು ಬಂದಳಂತೆ. ಅಷ್ಟರಲ್ಲಿ ಇಲ್ಲಿ ಶಾಲೆಗಳು ತೆರೆದವು. ಓಣಿಯ ಮಕ್ಕಳು ಹೊಸ ಬ್ಯಾಗು ಹೊತ್ತು ಹೋಗುವುದನ್ನು ಹುಡುಗಿ ಮಹಡಿಯ ಕಂಬಿಗಳ ನಡುವಿನಿಂದ ನೋಡುತ್ತಿದ್ದಳು. ತಾಯಿ ಅವಳ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿಟ್ಟಿದ್ದಳು, ಊರಿಗೋ ಅಲ್ಲವೋ ಗೊತ್ತಿಲ್ಲದೆ.

ಶುಕ್ರವಾರ ಫೋನ್ ಬಂತು. ಸೊಸೆ ಸ್ಪೀಕರ್ ಹಾಕಿಕೊಂಡೇ ಕೆಳಗಿಳಿದು ಬಂದಳು.

"ಬಲಗಡೆ ಕೊಟ್ಲು ಕಣವ್ವ! ಕುಂತಿದ್ದಂಗೇ ಕೊಟ್ಬುಟ್ಲು!" ಅಜ್ಜಿಯ ದನಿ ಓಣಿಯೆಲ್ಲ ಕೇಳಿಸಿತು.

ಈ ಸಲ ಸೊಸೆ ಬಿಡಲಿಲ್ಲ. "ಏನಂತ ಕೇಳಿದ್ರಿ ಅತ್ಯಮ್ಮ? ಬಿಡಿಸಿ ಯೋಳಿ."

"ಇನ್ನೇನಂತ? ಆ ಮೇಡಮ್ಮನ್ನ ನಂಬ್ಲಾ ಅಂತ."

ಸೊಸೆ ನನ್ನ ಮುಖ ನೋಡಲಾರದೆ ಸ್ಪೀಕರ್ ಆಫ್ ಮಾಡಲು ತಡಕಾಡಿದಳು. ನನಗೆ ಬೇಸರವಾಗಲಿಲ್ಲ. ಕಾನ್ವೆಂಟಿನವರು ಕೊಟ್ಟ ಕ್ಯಾರೆಕ್ಟರ್ ಸರ್ಟಿಫಿಕೇಟು ಯಾವ ಟ್ರಂಕಿನಲ್ಲಿದೆಯೋ ತಿಳಿಯದು. ಇದು ಹೊಸದು.

ಸೋಮವಾರ ತಾಯಿ ಹುಡುಗಿಯನ್ನು ವಾರ್ಡಿನ ಶಾಲೆಗೆ ಸೇರಿಸಿ, ಅಲ್ಲಿಂದಲೇ ಶಿಫ್ಟಿಗೆ ಬಸ್ಸು ಹತ್ತಿದಳು. ಸಂಜೆ ಶಾಲೆಯ ಬೆಲ್ ಆದಮೇಲೆ ಹುಡುಗಿ ನಮ್ಮ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಟೇಬಲ್ಲಿನ ಆಚೆ ಬದಿಯ ಕುರ್ಚಿಯಲ್ಲಿ ಕೂತಳು. ಅಲ್ಲಿ ಯಾರೂ ಕೂರುವುದಿಲ್ಲವಾದ್ದರಿಂದ ನಾನು ಹಳೆಯ ಪೇಪರುಗಳನ್ನು ಪೇರಿಸುತ್ತಿದ್ದೆ. ಅವಳು ಅವನ್ನೆಲ್ಲ ನೆಲಕ್ಕಿಳಿಸಿದ್ದಳು. ನನ್ನ ಬಾಯನ್ನೇ ನೋಡುತ್ತ, ನಾನು ಮಾತು ಶುರುಮಾಡಲೆಂದು ಕಾದಳು.