ಮೊದಲು ಚಾಚಿದ ಎಡಗೈ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ. ರಾಯಚೂರಿನ ಕೋಟೆ ಗುಡ್ಡದ ನರಿಗಳು ಒಂದು ಕಾಲಕ್ಕೆ ನನ್ನ ಕೂಗಿಗೆ ಓಗೊಡುತ್ತಿದ್ದವು. ಸಾಹುಕಾರರ ಮಗ ಗಬ್ಬೂರಿನ ಬಾವಿಯ ಹತ್ತಿರ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೊಗಸೆಯೊಡ್ಡಿ ನೀರು ಕುಡಿದ. ಲಿಂಗ ಹಿಡಿಯುವ ಕೈಯೊಂದನ್ನು ನಾನು ಹತ್ತು ಜನರ ಎದುರು ಹಿಡಿದು ಕುಲುಕಿದೆ. ನಗಬೇಡಿ. ಮುಂದೆ ಹೇಳಲಿರುವುದರಲ್ಲಿ ಒಂದೇ ಒಂದು ಸುಳ್ಳಿದೆ. ಅದನ್ನು ನೀವಾಗಿ ಹಿಡಿದರೆ ನನ್ನ ಹಲ್ಲಿನ ಸೆಟ್ಟು ನಿಮಗೇ ಬಹುಮಾನ. ಹೇಗೂ ಅದು ಬಾಯಲ್ಲಿ ಇರುವುದಕ್ಕಿಂತ ಡಬ್ಬಿಯಲ್ಲಿ ಇರುವುದೇ ಹೆಚ್ಚು.

ಮೊನ್ನೆ ಸಂಜೆ ಮೊಮ್ಮಗಳು ಶಾಲೆಯಿಂದ ಬಂದಳು. ಕೊರಳಲ್ಲಿ ಸ್ಕೌಟ್ಸ್-ಗೈಡ್ಸಿನ ಹೊಸ ಸ್ಕಾರ್ಫು. ಅವಳಿಗಿಂತ ಮೊದಲು ಅದರ ವಾಸನೆ ನನ್ನ ಹತ್ತಿರ ಬಂತು. ಗಂಜಿ ಹಾಕಿ ಒಣಗಿಸಿದ ಬಟ್ಟೆಯ ವಾಸನೆ ನಿಮಗೆ ಗೊತ್ತಿರಬೇಕು. ಅನ್ನ ಬಸಿದ ಪಾತ್ರೆ ಬಿಸಿಲಿಗೆ ಕೂತ ಹಾಗೆ. ಅವಳು ನೆಟ್ಟಗೆ ನಿಂತು, ಮೂರು ಬೆರಳು ಜೋಡಿಸಿ ಸಲಾಮು ಹೊಡೆದು, ಎಡಗೈ ಮುಂದೆ ಚಾಚಿದಳು. ಒಳಗಿನಿಂದ ಸೊಸೆ ಸೌಟು ಸಮೇತ ಓಡಿ ಬಂದಳು.

"ಏ ಹುಡುಗಿ, ತಾತಗ ಎಡಗೈ ಕೊಡ್ತಾರೇನು? ಬುದ್ಧಿ ಅದನೋ ಇಲ್ಲೋ?"

"ನಮ್ಮ ರೂಲೇ ಹಂಗ ಅದ ಮಮ್ಮಿ. ಟೀಚರ್ ಹೇಳ್ಯಾರ."

"ಯಾವಾಕಿ ಆ ಟೀಚರು? ನಾಳೆ ನಾನ ಶಾಲಿಗೆ ಬರ್ತೀನಿ!"

  ಅಷ್ಟರಲ್ಲಿ ನಾನು ಆ ಗಂಜಿಯ ವಾಸನೆ ಹಿಡಿದು ನಿಜಾಮರ ಕಾಲಕ್ಕೆ ಹೊರಟುಹೋಗಿದ್ದೆ.

ಆಗ ನಮಗೆ ಲೆಕ್ಕ, ಚರಿತ್ರೆ ಎಲ್ಲ ಉರ್ದುವಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಡ್ರಿಲ್ ಕಲಿಸುತ್ತಿದ್ದವರು ಮೊಹಿದ್ದೀನ್ ಸಾಹೇಬರು. ಕಡ್ಡಿಯಂಥ ಮನುಷ್ಯ. ಅವರ ಖಾಕಿ ಚಡ್ಡಿಯ ಇಸ್ತ್ರಿಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಸಂಜೆ ಅವರು ಮೈದಾನದಲ್ಲಿ ಸ್ಕೌಟು ಹುಡುಗರಿಗೆ ಗಂಟು ಹಾಕುವುದು ಕಲಿಸುತ್ತಿದ್ದರೆ, ನಾನು ಕಾಂಪೌಂಡಿನ ಆಚೆ ಕೂತು ನರಿಯ ಹಾಗೆ ಊಳಿಡುತ್ತಿದ್ದೆ. ಆಚೆ ಯಾಕೆ ಅಂತ ಕೇಳುತ್ತೀರಾ? ನಮ್ಮ ಕೇರಿಯ ಹುಡುಗರಿಗೆ ತರಗತಿಯಲ್ಲಿ ಬಾಗಿಲ ಹತ್ತಿರದ ಜಾಗ, ಮೈದಾನದಲ್ಲಿ ಕಾಂಪೌಂಡಿನ ಆಚೆಯ ಜಾಗ. ಯಾರೂ ಹಾಗೆಂದು ಬರೆದು ಹಚ್ಚಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಒಂದು ದಿನ ಗೋಡೆಯ ಮೇಲೆ ಸಾಹೇಬರ ಟೊಪ್ಪಿಗೆ ಮೂಡಿತು. ನಾನು ಓಡಲು ಎದ್ದೆ.

"ಅರೇ ಬೇಟಾ, ನಿಲ್ಲು. ಇಂಥಾ ಗಂಟಲು ಹೊರಗ ಇದ್ದರ ನನಗ ತ್ರಾಸು. ಒಳಗ ಬಾ."

ಹೀಗೆ ನಾನು ನರಿ ಪಡೆಗೆ ಸೇರಿದೆ. ಹುಲಿ, ಗಿಡುಗ, ನರಿ ಎಂದು ಹುಡುಗರ ಪಡೆಗಳು. ಒಂದೊಂದಕ್ಕೂ ಅದರ ಕೂಗು. ಹುಲಿಯವರು ಕೂಗಿದರೆ ಬೆಕ್ಕು ಸಹ ತಿರುಗಿ ನೋಡುತ್ತಿರಲಿಲ್ಲ. ನಾನು ಕೂಗಿದರೆ ಮುಚ್ಚಂಜೆಯಲ್ಲಿ ಕೋಟೆ ಗುಡ್ಡದಿಂದ ನಿಜವಾದ ನರಿಗಳು ಉತ್ತರ ಕೊಡುತ್ತಿದ್ದವು. ನೀವು ಹುಬ್ಬೇರಿಸಿದ್ದು ಕಾಣುತ್ತಿದೆ. ಏರಿಸಿ.

ನಮ್ಮ ಪಡೆಯ ನಾಯಕ ಬಸಲಿಂಗ. ಅಕ್ಕಿ ಗಿರಣಿಯ ಸಾಹುಕಾರರ ಮಗ, ಉಂಡೆಯ ಹಾಗೆ ದುಂಡಗೆ, ಜಿರಳೆ ಕಂಡರೂ ಬೆವರುವ ಹುಡುಗ. ನಮ್ಮವ್ವ ಅವರ ಗಿರಣಿಯಲ್ಲೇ ಅಕ್ಕಿಯಿಂದ ಕಲ್ಲು ಆರಿಸುವ ಕೆಲಸ ಮಾಡುತ್ತಿದ್ದಳು. ಅಲ್ಲಿಂದ ತಂದ ನುಚ್ಚು ಬೇಯಿಸಿ, ಗಂಜಿ ಬಸಿದು, ಅದರಲ್ಲಿ ನನ್ನ ಸ್ಕಾರ್ಫು ಅದ್ದುತ್ತಿದ್ದಳು. ಅದು ಹಲಗೆಯಷ್ಟು ಬಿರುಸಾಗುತ್ತಿತ್ತು. ಕೊರಳು ತಿರುಗಿಸಲು ನಾನು ಸೊಂಟವನ್ನೇ ತಿರುಗಿಸಬೇಕಿತ್ತು.

ಆ ಸ್ಕಾರ್ಫಿನ ತುದಿಗೆ ದಿನಾ ಬೆಳಗ್ಗೆ ಒಂದು ಗಂಟು. ಯಾರಿಗಾದರೂ ಒಂದು ಉಪಕಾರ ಮಾಡಿದ ಮೇಲೆಯೇ ಅದನ್ನು ಬಿಚ್ಚಬೇಕು, ಅದು ಸ್ಕೌಟಿನ ನೇಮ. ಉಳಿದವರು ಉಪಕಾರ ಹುಡುಕುತ್ತ ಊರೆಲ್ಲ ಅಲೆಯುತ್ತಿದ್ದರು. ನಾನು ಬುದ್ಧಿವಂತ. ಬೆಳಗ್ಗೆ ಟಾಂಗಾದವನ ಚಾವಟಿ ಬಚ್ಚಿಡುತ್ತಿದ್ದೆ, ಮಧ್ಯಾಹ್ನ ಹುಡುಕಿಕೊಟ್ಟು ಗಂಟು ಬಿಚ್ಚುತ್ತಿದ್ದೆ. ಒಂದು ವಾರ ಅವನು ನನಗೆ ಕೈ ಮುಗಿದ. ಆಮೇಲೆ ಸಾಹೇಬರಿಗೆ ವಾಸನೆ ಹತ್ತಿತು.

"ನೀನ ಕಳದು ನೀನ ಹುಡುಕಿದರ ಅದು ಉಪಕಾರ ಅಲ್ಲ ಬೇಟಾ, ವ್ಯಾಪಾರ," ಎಂದರು. ಆ ಇಡೀ ತಿಂಗಳು ಟಾಂಗಾದವನ ಕುದುರೆಗೆ ಹುಲ್ಲು ಹೊತ್ತು ಹಾಕಿದೆ. ಕುದುರೆ ಮಾತ್ರ ನನಗೆ ಎಂದೂ ಕೈ ಮುಗಿಯಲಿಲ್ಲ.

ಸಾಹೇಬರು ಡ್ರಿಲ್ ಮುಗಿಸಿ ಬೇವಿನ ಮರದ ಕೆಳಗೆ ಕೂತು ಈ ಸ್ಕೌಟು ಎಂಬುದು ಎಲ್ಲಿಂದ ಬಂತೆಂದು ಹೇಳುತ್ತಿದ್ದರು. ಯಾವುದೋ ಯುದ್ಧದಲ್ಲಿ ಮುತ್ತಿಗೆ ಬಿದ್ದ ಊರೊಳಗೆ ಚಿಕ್ಕ ಹುಡುಗರು ಹೆದರದೆ ಸುದ್ದಿ ಒಯ್ಯುತ್ತಿದ್ದರಂತೆ. ಅದನ್ನು ಕಂಡ ಒಬ್ಬ ಇಂಗ್ಲಿಷ್ ಸೇನಾಧಿಕಾರಿ, ಮುಂದೆ ಬಡವರ ಮಕ್ಕಳನ್ನೂ ಶ್ರೀಮಂತರ ಮಕ್ಕಳನ್ನೂ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗಿ ಒಂದೇ ಬೆಂಕಿಯ ಸುತ್ತ ಕೂರಿಸಿದನಂತೆ. "ಆದರ ಇಲ್ಲಿಗೆ ಬಂದಾಗ ಏನ ಮಾಡಿದ್ರು ಗೊತ್ತೇನು?" ಎಂದು ಸಾಹೇಬರು ದನಿ ತಗ್ಗಿಸುತ್ತಿದ್ದರು. "ಮೊದಮೊದಲ ನಮ್ಮ ದೇಶದ ಹುಡುಗರನ್ನ ಒಳಗ ಬಿಡಲಿಲ್ಲ. ಗೋರ್ಯಾರ ಮಕ್ಕಳಿಗೆ ಅಷ್ಟ. ನಮ್ಮವರು ಹೊರಗ ನಿಂತು ನೋಡಿದ್ರು. ಹೊರಗ ನಿಂತವರು ನಾವು. ಹೊರಗ ನಿಲ್ಲಿಸೋದು ಮಾತ್ರ ಅವರಿಂದ ಕಲಿಯೋದು ಬ್ಯಾಡ." ಈ ಮಾತಿಗೆ ಬಂದಾಗಲೆಲ್ಲ ಅವರು ನನ್ನ ಕಡೆ ನೋಡುತ್ತಿದ್ದರು. ಚಾವಟಿಯ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡು ನಾನು ನೆಲ ನೋಡುತ್ತಿದ್ದೆ.

ಎಡಗೈ ಸಂಗತಿ ಹೊರಬಿದ್ದದ್ದು ಪ್ರತಿಜ್ಞೆಯ ದಿನ ಹತ್ತಿರವಾದಾಗ. ಪ್ರತಿಜ್ಞೆ ಹೇಳಿದ ಸ್ಕೌಟು ತನ್ನ ಪಡೆಯ ನಾಯಕನ ಎಡಗೈ ಕುಲುಕಬೇಕು ಎಂದರು ಸಾಹೇಬರು. ಹುಡುಗರೆಲ್ಲ "ಛೀ!" ಎಂದರು. ತಂಬಿಗೆ ಹಿಡಿದು ಬಯಲಿಗೆ ಹೋದಾಗಿನ ಕೈ ಅದು! ನಮ್ಮ ಕಡೆ ಎಡಗೈಲಿ ವೀಳ್ಯ ಕೊಟ್ಟರೆ ಬೀಗತನ ಮುರಿಯುತ್ತದೆ. ಸಾಹೇಬರು ನಗುತ್ತ ಹೇಳಿದರು: "ಆಫ್ರಿಕಾದಾಗ ಒಂದು ಕುಲ ಅದ ಅಂತ. ಅವರಾಗಿನ ಶೂರರು ಎಡಗೈಯಾಗ ಗುರಾಣಿ ಹಿಡೀತಾರ. ಎಡಗೈ ಕೊಡಬೇಕಂದ್ರ ಗುರಾಣಿ ಕೆಳಗ ಇಡಬೇಕು. ನಿನ್ನ ನಂಬೀನಿ ಅಂತ ಅದರ ಅರ್ಥ."

ನಮ್ಮಲ್ಲಿ ಯಾರ ಹತ್ತಿರವೂ ಗುರಾಣಿ ಇಲ್ಲವಲ್ಲ ಎಂದು ನಾನು ಗೇಲಿ ಮಾಡಿದೆ. ಇತ್ತು ಎಂಬುದು ಪ್ರತಿಜ್ಞೆಯ ದಿನ ಗೊತ್ತಾಯಿತು.

ಮೈದಾನದಲ್ಲಿ ಹಗ್ಗ ಕಟ್ಟಿ ಹಿರಿಯರಿಗೆ ಕುರ್ಚಿ ಹಾಕಿದ್ದರು. ಪ್ರತಿಜ್ಞೆ ಮುಗಿದ ಕೂಡಲೇ ದೇವದುರ್ಗಕ್ಕೆ ಶಿಬಿರದ ಪಯಣ. ಸಾಹುಕಾರರು ಕೊಟ್ಟ ಎತ್ತಿನ ಗಾಡಿಗಳು ಅಕ್ಕಿ ಬೇಳೆ ಹೇರಿಕೊಂಡು ಸಾಲಾಗಿ ನಿಂತಿದ್ದವು. ನಾನು ಅದುವರೆಗೆ ಊರು ಬಿಟ್ಟು ಹೋದದ್ದೆಂದರೆ ಅವ್ವನ ತವರು ನೀರಮಾನ್ವಿಗೆ ಮಾತ್ರ. ದೇವದುರ್ಗ ಎಂದರೆ ನನಗೆ ಲಂಡನ್ನಿಗಿಂತ ಒಂದು ಕೈ ಮೇಲು. ಅವ್ವ ಕಾಂಪೌಂಡಿನ ಆಚೆ, ನಾನು ಮೊದಲು ಊಳಿಡುತ್ತಿದ್ದ ಜಾಗದಲ್ಲೇ, ಸೆರಗು ಹಿಡಿದು ನಿಂತಿದ್ದಳು. ಬುತ್ತಿ ಕಟ್ಟಿಕೊಟ್ಟಿದ್ದಳು, ಆದರೂ ಮುಖದಲ್ಲಿ ನಾನು ಹೋಗುತ್ತೇನೆಂಬ ನಂಬಿಕೆ ಇರಲಿಲ್ಲ.

ನನ್ನ ಸರದಿ ಬಂತು. ಪ್ರತಿಜ್ಞೆ ಗಂಟಲು ಬಿಚ್ಚಿ ಹೇಳಿದೆ. ಆಮೇಲೆ, ನೋಡಿ ನನ್ನ ಎದೆಗಾರಿಕೆ, ಹಿಂದೆ ಮುಂದೆ ನೋಡದೆ ನನ್ನ ಎಡಗೈಯನ್ನು ಬಸಲಿಂಗನ ಮೂಗಿನ ಕೆಳಗೆ ಚಾಚಿದೆ. ಅವನ ಕೈ ಬಂದು ಸೇರಿತು. ಬೆವರಿನಿಂದ ಒದ್ದೆಯಾದ, ಮೆತ್ತಗಿನ ಕೈ. 

ಸಾಹುಕಾರರು ಎದ್ದು ನಿಂತರು. ಕೂಗಾಡುವ ಮನುಷ್ಯರಲ್ಲ, ಮೆಲ್ಲಗೇ ಹೇಳಿದರು. "ಸಾಹೇಬ್ರ, ಅದು ಲಿಂಗಾ ಹಿಡಿಯೋ ಕೈ. ದಿನಾ ಮುಂಜಾನಿ ಅಂಗೈಮ್ಯಾಲ ಲಿಂಗಾ ಇಟ್ಕೊಂಡು ಪೂಜಿ ಮಾಡ್ತಾನ ನನ್ನ ಮಗ. ಈ ಹುಡುಗ ಶಿಬಿರಕ್ಕ ಬರೂದಾದರ ನನ್ನ ಗಾಡಿ ಬರೂದಿಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗಾಡಿ ಇಲ್ಲದೆ ಅಕ್ಕಿ ಇಲ್ಲ, ಅಕ್ಕಿ ಇಲ್ಲದೆ ಶಿಬಿರ ಇಲ್ಲ. ನನ್ನೊಬ್ಬನಿಗಾಗಿ ಇಷ್ಟು ಹುಡುಗರು ಯಾಕೆ ಮನೆಯಲ್ಲಿ ಕೂರಬೇಕು?  ನಾನು ಬುತ್ತಿ ಎತ್ತಿಕೊಂಡು ಅವ್ವನ ಕಡೆ ತಿರುಗಿದೆ. ಆದರೆ ಹೋಗಲಾಗಲಿಲ್ಲ. ಬಸಲಿಂಗ ಕೈ ಬಿಟ್ಟಿರಲಿಲ್ಲ.

ಆಗ ಮೊದಲನೆಯ ಗಾಡಿಯ ಕಮಾನಿನೊಳಗಿಂದ ಒಂದು ಮುದಿ ದನಿ ಬಂತು. ಸಾಹುಕಾರರ ತಾಯಿ ನೀಲವ್ವ. ಮೊಮ್ಮಗನನ್ನು ಚಡ್ಡಿಯಲ್ಲಿ ನೋಡಿ ನಗಲೆಂದೇ ಬಂದು ಕೂತಿದ್ದವಳು.

"ಏನಪಾ, ಇಷ್ಟು ದಿನ ಲಿಂಗಾ ನಮ್ಮನ್ನ ಕಾಯಾಕತ್ತದ ಅಂತ ತಿಳಿದಿದ್ದೆ. ಇವತ್ತಿನಿಂದ ನೀನ ಲಿಂಗಾ ಕಾಯಾಕತ್ತೀದಿ ಏನು?"

"ಯವ್ವಾ, ನೀ ಸುಮ್ಮನಿರು. ಮೈಲಿಗಿ ಆಗತದ."

"ಯಾರಿಗೆ? ಲಿಂಗಾ ಮುಟ್ಟಿದ ಕೈಯಿಂದ ಆ ಹುಡುಗಗ ಮಡಿ ಆಗಲಿಲ್ಲ, ಆ ಹುಡುಗನಿಂದ ಲಿಂಗಕ್ಕ ಮೈಲಿಗಿ ಆತಾ? ಹಂಗಾದರ ಹುಡುಗನ ದೊಡ್ಡಾಂವ ಆದನಲ್ಲೋ!" ಮುದುಕಿ ಕಮಾನಿನಿಂದ ತಲೆ ಹೊರಗೆ ಹಾಕಿದಳು. "ಮೈಲಿಗಿ ಆಗೂದಿದ್ದರ ಅದು ಲಿಂಗ ಅಲ್ಲ, ಕಲ್ಲು. ಕಲ್ಲಾದರ ಅಗೋ, ಗ್ವಾಡಿ ಆಚೆ ಇವರವ್ವ ನಿಂತಾಳ. ಆಕಿ ಕೈಯಾಗ ಕೊಡು, ಅಕ್ಕ್ಯಾಗಿಂದು ಆರಿಸಿದಂಗ ಆರಿಸಿ ಒಗೀತಾಳ."

ಯಾರೋ ಕಿಸಕ್ಕೆಂದರು. ಸಾಹುಕಾರರು ತಾಯಿಯನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ತಮ್ಮ ಎಡಗೈಯನ್ನೇ ತಿರುಗಿಸಿ ನೋಡಿಕೊಂಡರು. ಮತ್ತೆ ಕುರ್ಚಿಯಲ್ಲಿ ಕೂತರು. ಒಪ್ಪಿದರೆಂದು ನಾನು ಹೇಳಲಾರೆ. ಆದರೆ ಗಾಡಿಗಳು ಹೊರಟವು. ಅವುಗಳಲ್ಲೊಂದರಲ್ಲಿ ನಾನೂ ಇದ್ದೆ.

ಗಬ್ಬೂರಿನಲ್ಲಿ ಎತ್ತು ಬಿಟ್ಟು ಬಾವಿಗೆ ಹೋದೆವು. ನೀರು ಕೊಡುತ್ತಿದ್ದವನು ನಮ್ಮ ಪಡೆಯಲ್ಲಿ ನಾನು ಯಾರೆಂದು ಮೂಗಿನಿಂದಲೇ ಕಂಡುಹಿಡಿದ. ಎಲ್ಲರಿಗೂ ತಂಬಿಗೆ ಕೊಟ್ಟ, ನನಗೆ ಮಾತ್ರ ಕೂತು ಬೊಗಸೆಯೊಡ್ಡು ಎಂದ. ಅಭ್ಯಾಸದ ಸಂಗತಿ, ಒಡ್ಡಿದೆ. ಪಕ್ಕದಲ್ಲಿ ಏನೋ ಧೊಪ್ಪೆಂದಿತು. ಬಸಲಿಂಗ ತಂಬಿಗೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದ.

"ನೀವ್ಯಾಕ್ರೀ ಸಣ್ಣ ಸಾಹುಕಾರ್ರ? ನಿಮಗ ತಂಬಿಗಿ ಅದಲ್ಲ."

ಬಸಲಿಂಗ ಬೆವರಿದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದು ನನ್ನ ಇಲಾಖೆ. "ಸ್ಕೌಟರು ಹಿಂಗ ಕುಡಿಯೋದು," ಎಂದು ಹೇಗೋ ತೊದಲಿದ.

ಒಬ್ಬೊಬ್ಬರಾಗಿ ನರಿಗಳೆಲ್ಲ ಕೂತರು. ಆಮೇಲೆ ಹುಲಿಗಳು, ಗಿಡುಗಗಳು. ಕೊನೆಗೆ ಸಾಹೇಬರು ಇಸ್ತ್ರಿಗೆರೆ ಮುರಿದರೂ ಚಿಂತೆಯಿಲ್ಲವೆಂದು ಕೂತು ಬೊಗಸೆ ಒಡ್ಡಿದರು. ನೀರು ಹೊಯ್ದು ಹೊಯ್ದು ಆ ಮನುಷ್ಯನ ರಟ್ಟೆ ಬಿದ್ದುಹೋಯಿತು. ಬಹಳ ವರ್ಷ ಆದ ಮೇಲೆ ಬಸ್ಸಿಗೆ ಕಾಯುತ್ತ ಗಬ್ಬೂರಿನಲ್ಲಿ ಕೂತಿದ್ದಾಗ ಒಬ್ಬ ಹಿರಿಯರು ನನಗೆ ತಿಳಿಹೇಳಿದರು: ಸ್ಕೌಟರದು ಬಲು ಕಟ್ಟುನಿಟ್ಟು, ಪಾತ್ರೆ ಮುಟ್ಟುವುದಿಲ್ಲ, ಬೊಗಸೆಯಲ್ಲೇ ಕುಡಿಯುತ್ತಾರೆ ಎಂದು. ನಾನು "ಹೌದೇನ್ರೀ ಯಪ್ಪಾ?" ಎಂದು ಬಾಯಿ ತೆರೆದು ಕೇಳಿಕೊಂಡೆ.

ದೇವದುರ್ಗದಲ್ಲಿ ಹಳ್ಳಕ್ಕೆ ಬಿದಿರಿನ ಸೇತುವೆ ಕಟ್ಟಿದೆವು, ಅರ್ಧ ಬೆಂದ ಅನ್ನ ಉಂಡೆವು. ಒಂದೇ ಬೆಂಕಿಯ ಸುತ್ತ ಕೂತೆವು. ನನ್ನ ಒಂದು ಕಡೆ ಬಸಲಿಂಗ, ಇನ್ನೊಂದು ಕಡೆಯೂ ಯಾರೋ ಇದ್ದರು ಎಂಬುದೇ ನನಗೆ ದೊಡ್ಡ ಸುದ್ದಿ. ಅಲ್ಲಿಯವರೆಗೆ ನನ್ನ ಇನ್ನೊಂದು ಕಡೆ ಯಾವಾಗಲೂ ಗೋಡೆ ಇರುತ್ತಿತ್ತು.

ಮುಂದೆ ನಾನು ಮಾನ್ವಿಯಲ್ಲಿ ಮಾಸ್ತರನಾದೆ. ಮೊಹಿದ್ದೀನ್ ಸಾಹೇಬರ ಹಾಗೆ ಚಡ್ಡಿಗೆ ಇಸ್ತ್ರಿ ಹಾಕಿಸಿ, ಗೋಡೆಯ ಆಚೆ ಊಳಿಡುವ ಹುಡುಗರನ್ನು ಹುಡುಕಿ ಹುಡುಕಿ ಒಳಗೆ ಕರೆದೆ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ. ಅವನ ಪಕ್ಕದ ಮೊಳೆಗೆ ಮಾಸಿದ ಸ್ಕಾರ್ಫು ಇದೆ. ಬಸಲಿಂಗನೂ ಮಾನ್ವಿಯಲ್ಲೇ ಗಿರಣಿ ಹಾಕಿದ. ಬಜಾರಿನಲ್ಲಿ ಸಿಕ್ಕಾಗಲೆಲ್ಲ ನಾವು ಎಡಗೈ ಕುಲುಕುತ್ತಿದ್ದೆವು. ನೋಡಿದವರು ಇವರಿಗೆ ಜಗಳವೋ, ತಲೆ ಕೆಟ್ಟಿದೆಯೋ ಎಂದು ನಿಂತುಬಿಡುತ್ತಿದ್ದರು. ಅವನ ಅಂಗಡಿಯ ಗಾದಿಯ ಮೇಲೆ ಕೂತು, ಗಿರಾಕಿಗಳ ಎದುರು ನಾನು ಈ ಕತೆ ಎಷ್ಟು ಸಲ ಊದಿದ್ದೇನೋ. "ನಾನ ಮೊದಲ ಕೈ ಚಾಚಿದೆ, ಕೇಳ್ರಿ ಬೇಕಾದರ ಸಾಹುಕಾರ್ರನ್ನ" ಎನ್ನುವೆ. ಅವನು ಹೊಟ್ಟೆ ತುರಿಸಿಕೊಳ್ಳುತ್ತ, "ಹೌದ್ರಿ, ಇವನ ಧೈರ್ಯ ಅಂದರ ಧೈರ್ಯ" ಎಂದು ಚಹಾ ತರಿಸುತ್ತಿದ್ದ.

ಹೋದ ವರ್ಷ ಅವನು ಲಿಂಗೈಕ್ಯನಾದ. ಮಣ್ಣಿಗೆ ಹೋದಾಗ ನಾನು ಎಡಗೈಲಿ ಮಣ್ಣು ಹಾಕಿದೆ. ಯಾರೋ ಹಿಂದಿನಿಂದ ಗದರಿದರು. ಅವನ ಮಗ, "ಇರಲಿ ಬಿಡ್ರಿ, ಅವರಿಬ್ಬರದು ಹಂಗ" ಎಂದ.

ಮೊನ್ನೆ ಸಂಜೆ ಸೊಸೆ ಸೌಟು ಹಿಡಿದು ನಿಂತೇ ಇದ್ದಳು, ಮೊಮ್ಮಗಳ ಕೈ ಚಾಚಿಕೊಂಡೇ ಇತ್ತು. ಚಾಚಿದ ಕೈ ಎಷ್ಟು ಹೊತ್ತು ಒಂಟಿಯಾಗಿ ನಿಲ್ಲಬೇಕಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ನಾನು ಬಹಳ ದಿನದಿಂದ ನೋಡಿರಲಿಲ್ಲ. ಹಿಡಿದೆ. "ತಾತಾ, ನಿಮ್ಮ ಕಾಲದಾಗೂ ಹಿಂಗ ಕೊಡ್ತಿದ್ರೇನು? ಮೊದಲ ಯಾರು ಕೊಟ್ಟರು?" ಎಂದು ಕೇಳಿದಳು. ಹಳೆಯ ಉತ್ತರ ಬಾಯಿಗೆ ಬಂತು. ಆದರೆ ಈಗ ಅದಕ್ಕೆ ಹೌದೆಂದು ಹೇಳಿ ಚಹಾ ತರಿಸುವವನು ಇಲ್ಲ.

ಹಲ್ಲಿನ ಸೆಟ್ಟು ಯಾರಿಗೂ ಸಿಗಲಿಲ್ಲ, ಅಲ್ಲವೇ? ಹಾಗಾದರೆ ಕೇಳಿ. ಆ ದಿನ ನಾನು ಕೈ ಚಾಚಲಿಲ್ಲ. ಪ್ರತಿಜ್ಞೆ ಹೇಳಿ ಮುಗಿಸಿದವನೇ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದೆ, ಸಾಹೇಬರು ಕಲಿಸಿದ ಯಾವ ಗಂಟಿಗೂ ಕಡಿಮೆಯಿಲ್ಲದ ಗಂಟು. ಜಿರಳೆಗೆ ಬೆವರುವ ಬಸಲಿಂಗ ಎರಡು ಹೆಜ್ಜೆ ಮುಂದೆ ಬಂದು, ಅಪ್ಪನ ಕಣ್ಣೆದುರೇ ಎಡಗೈ ಚಾಚಿ, ನಾನು ನನ್ನ ಗಂಟು ಬಿಚ್ಚುವ ತನಕ ಕಾದ. ಅದೊಂದೇ ಸುಳ್ಳು. ನರಿಗಳದ್ದು ಪೂರ್ತಿ ನಿಜ.