ಮುಖ ತೋರಿಸಿ ಬರ್ತೀನಿ

ನಮ್ಮಣ್ಣನ ಜುಬ್ಬದ ಬಲಜೇಬು ಯಾವಾಗಲೂ ಉಬ್ಬಿಕೊಂಡಿರುತ್ತಿತ್ತು. ಒಳಗೊಂದು ನಿಂಬೆಹಣ್ಣು. ದೊಡ್ಡವರನ್ನು ಬರಿಗೈಲಿ ಕಾಣಬಾರದೆನ್ನುವುದು ನಮ್ಮ ಕಡೆಯ ಪದ್ಧತಿ. ದೊಡ್ಡವರು ಯಾವ ಗಳಿಗೆಯಲ್ಲಿ ಎದುರಾಗುತ್ತಾರೋ ಹೇಳಲಾಗದೆನ್ನುವುದು ಅವನ ಲೆಕ್ಕ. ಹಣ್ಣು ಬಾಡುತ್ತ ಬಂದರೆ ಅಮ್ಮ ಅದನ್ನು ಚಿತ್ರಾನ್ನಕ್ಕೆ ಹಿಂಡಿ, "ಬಾರೇ, ಮಂತ್ರಿಗಳ ಪಾಲಿನ ಚಿತ್ರಾನ್ನ ತಿನ್ನು" ಎಂದು ನನ್ನನ್ನು ಕರೆಯುತ್ತಿದ್ದಳು.

ಐವತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಹೋಗುವ ರಸ್ತೆ ಪಕ್ಕದ ಹಳ್ಳಿ ನಮ್ಮದು. ಅಪ್ಪ ತೀರಿಹೋಗಿದ್ದರು. ಅಮ್ಮ ರೇಷ್ಮೆಹುಳು ಸಾಕಿ ಅಣ್ಣನನ್ನೂ ನನ್ನನ್ನೂ ಬೆಳೆಸಿದಳು. ಅಣ್ಣ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ. ಅವನಿಗೊಂದು ಸರ್ಕಾರಿ ಕೆಲಸ ಆಗಬೇಕಿತ್ತು, ಅಷ್ಟೇ. ಅದು ಅರ್ಜಿ ಹಾಕಿದರೆ ಆಗುವುದಲ್ಲ, ನಾಲ್ಕು ಜನ ದೊಡ್ಡವರ ಪರಿಚಯ ಬೇಕು ಎಂದು ಯಾರು ಅವನ ತಲೆಗೆ ತುಂಬಿದರೋ ಕಾಣೆ. ಊರ ಹುಡುಗರನ್ನು ಸೇರಿಸಿ ಯುವಕ ಸಂಘ ಕಟ್ಟಿದ, ತಾನೇ ಕಾರ್ಯದರ್ಶಿ. ಆ ಸಂಘ ಒಂದು ಚರಂಡಿ ತೋಡಲಿಲ್ಲ, ಒಂದು ಗಿಡ ನೆಡಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಯಾರೋ ಬರುತ್ತಾರಂತೆ, ಹಾರ. ಕೈವಾರಕ್ಕೆ ಯಾರೋ ಬಂದಿದ್ದಾರಂತೆ, ಹಾರ. ಫೋಟೋ ತೆಗೆಯುವಾಗ ಇವನೂ ಇವನ ಸ್ನೇಹಿತರೂ ಒಬ್ಬರನ್ನೊಬ್ಬರು ಮೊಣಕೈಲಿ ತಿವಿದುಕೊಂಡು ಮುಂದೆ ನುಗ್ಗುತ್ತಿದ್ದರು.

"ಹುಳಕ್ಕೆ ಸೊಪ್ಪು ಕೊಯ್ಕೊಂಡು ಬಾರೋ" ಎಂದು ಅಮ್ಮ ಅಂದರೆ, "ಮುಖ ತೋರಿಸಿ ಬರ್ತೀನಿ ಕಣಮ್ಮ. ಮುಖ ನೆನಪಿದ್ರೆ ಕೆಲಸ ತಾನಾಗೇ ಬರುತ್ತೆ" ಅನ್ನುತ್ತಿದ್ದ. ಸೊಪ್ಪು ನಾನು ಕೊಯ್ಯುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು ನನಗೆ. ಆದರೂ ಅವನು ಕೆಂಡ ತುಂಬಿದ ಚೊಂಬಿನಲ್ಲಿ ಜುಬ್ಬ ತೀಡಿ ಹಾಕಿಕೊಂಡು, "ಹೆಂಗಿದೀನಿ ಅಮ್ಮಣ್ಣಿ?" ಎಂದು ನನ್ನನ್ನು ಕೇಳಿದರೆ ಚೆನ್ನಾಗಿಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಚೆನ್ನಾಗಿಯೇ ಇರುತ್ತಿದ್ದ, ಹಾಳಾದವನು.

ಒಂದು ಸಲ ಶಿಡ್ಲಘಟ್ಟಕ್ಕೆ ಬಂದಿದ್ದ ಬೆಂಗಳೂರಿನ ಮುಖಂಡರೊಬ್ಬರು ನಮ್ಮೂರಿಗೂ ಬರಲು ಒಪ್ಪಿದರು. ಅವರು ಮನಸ್ಸು ಮಾಡಿದರೆ ಅಣ್ಣನಿಗೆ ಕೆಲಸ ಖಂಡಿತ ಎಂದು ಸಂಘದವರೆಲ್ಲ ನಂಬಿದ್ದರು. ಅವರಿಗೆ ತೋರಿಸಲು ನಮ್ಮೂರಲ್ಲಿ ಏನಿದೆ? ನಮ್ಮ ಹುಳುಮನೆ ತೋರಿಸುತ್ತೇನೆಂದ ಅಣ್ಣ. ಆಗ ಹುಳುಗಳು ಕೊನೆಯ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಇನ್ನೇನು ಗೂಡು ಕಟ್ಟಬೇಕು. ಅಂಥ ಹೊತ್ತಿನಲ್ಲಿ ಹೊರಗಿನವರನ್ನು ಯಾರೂ ಒಳಗೆ ಬಿಡುವುದಿಲ್ಲ. ಕಾಲು ತೊಳೆಯದೆ ನಾವೇ ಹೋಗುತ್ತಿರಲಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ತಾಕಿದರೂ ಹುಳು ಕಕ್ಕಿಕೊಂಡು ಸಾಯುತ್ತವೆ. ಇದು ಅಣ್ಣನಿಗೆ ಗೊತ್ತಿರಲಿಲ್ಲವೇ? ಹುಳುಗಳ ನಡುವೆಯೇ ಹುಟ್ಟಿ ಬೆಳೆದವನು!

ಅಮ್ಮನ ತವರು ಆಂಧ್ರದ ಗಡಿಯಲ್ಲಿ. ಗಾಬರಿಯಾದರೆ ತೆಲುಗು ಬರುತ್ತಿತ್ತು. ಬಾಗಿಲಿಗೆ ಅಡ್ಡ ನಿಂತು, "ವದ್ದು ನಾಯನಾ, ವದ್ದು, ಬೇಡ ಕಣೋ" ಎಂದು ಬೇಡಿಕೊಂಡಳು.

"ಒಂದೇ ಒಂದು ಫೋಟೋ ಕಣಮ್ಮ. ಅವರ ಪಕ್ಕ ನಾನು ನಿಂತ್ಕೋತೀನಿ. ನನ್ನ ಹಣೆಬರಹಾನೇ ಬದಲಾಗುತ್ತೆ. ಕೈ ಮುಗೀತೀನಿ, ದಾರಿ ಬಿಡು."

ಅಮ್ಮ ದಾರಿ ಬಿಟ್ಟಳು. ಮುಖಂಡರ ಹಿಂದೆ ಊರೆಲ್ಲ ನುಗ್ಗಿತು. ಬೀಡಿ, ಸಿಗರೇಟು, ಕಡ್ಡಿಪುಡಿ ತಿಕ್ಕಿದ ಕೈಗಳು. "ಇದೇನಾ ಹುಳು?" ಎಂದು ತಟ್ಟೆತಟ್ಟೆಗೂ ಕೈ ಹಾಕಿದರು. ಫೋಟೋದವನು ಬಲ್ಬು ಹೊಡೆದ. ಮುಖಂಡರು ಅಣ್ಣನ ಬೆನ್ನು ತಟ್ಟಿ, "ಬೆಂಗಳೂರಿಗೆ ಬಾರಪ್ಪ, ನೋಡೋಣ" ಎಂದು ಕಾರು ಹತ್ತಿದರು.

ಬೆಳಗಾಗುವಷ್ಟರಲ್ಲಿ ಹುಳುಗಳು ತಲೆ ಎತ್ತಿ ಹಸಿರು ನೀರು ಕಕ್ಕತೊಡಗಿದವು. ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು. ಅಮ್ಮ ಸತ್ತ ಹುಳುಗಳನ್ನೆಲ್ಲ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹಾಕಿ ಬಂದಳು. ಅಣ್ಣ ಅವಳ ಕಾಲು ಹಿಡಿದು, "ಕೆಲಸ ಸಿಗುತ್ತೆ ಕಣಮ್ಮ, ಎಲ್ಲಾ ತುಂಬಿಕೊಡ್ತೀನಿ" ಎಂದು ಗೋಳೋ ಎಂದು ಅತ್ತ.

ಆಮೇಲೆ ಅವನು ಮನೆಯಲ್ಲಿ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಆ ಮುಖಂಡರ ಗೇಟಿನ ಮುಂದೆ ಮಳೆ ಬಿಸಿಲೆನ್ನದೆ ನಿಂತ. ಅಲ್ಲಿ ಇವನಂಥ ಹುಡುಗರು ಸಾಲುಗಟ್ಟಿದ್ದರಂತೆ, ಎಲ್ಲರ ಕೈಲೂ ನಿಂಬೆಹಣ್ಣು. ಕೊನೆಗೊಮ್ಮೆ ಮುಖಂಡರು ಅವನ ಹತ್ತಿರ ಕಾರು ನಿಲ್ಲಿಸಿ, "ಯಾವೂರಪ್ಪ ನಿಂದು?" ಎಂದು ಕೇಳಿದರಂತೆ. ಊರಿಗೆ ವಾಪಸು ಬಂದು ಅದನ್ನು ಹೇಳುವಾಗ ಅವನ ಮೈ ಸುಡುತ್ತಿತ್ತು.

"ಮುಖ ನೆನಪಿಲ್ಲ ಕಣೇ ಅವರಿಗೆ," ಅಂದ. "ಜ್ವರ ಇಳೀಲಿ. ಇನ್ನೊಂದ್ಸಲ ಹೋಗಿ ಮುಖ ತೋರಿಸಿ ಬರ್ತೀನಿ."

ಜ್ವರ ಇಳಿಯಲಿಲ್ಲ. ವಿಷಮಶೀತ ಜ್ವರ ಎಂದರು ಡಾಕ್ಟರು.

ತಿಥಿಗೆ ಇಡಲು ಅವನದೊಂದು ಫೋಟೋ ಹುಡುಕಿದೆ. ಪೆಟ್ಟಿಗೆ ತುಂಬ ಇದ್ದವು. ಒಂದರಲ್ಲಿ ಯಾರದೋ ಪೇಟದ ಹಿಂದೆ ಅವನ ಕಿವಿ, ಇನ್ನೊಂದರಲ್ಲಿ ಬೆನ್ನು. ಹುಳುಮನೆಯ ಫೋಟೋದಲ್ಲಿ ಮುಖಂಡರು ನಗುತ್ತಿದ್ದಾರೆ. ಸಂಘದ ಸ್ನೇಹಿತನೊಬ್ಬ ಅಡ್ಡ ನುಗ್ಗಿದ್ದಾನೆ. ಆ ಸ್ನೇಹಿತನ ಹೆಗಲ ಮೇಲಿಂದ ಅಣ್ಣನ ಕೈ ಮಾತ್ರ ಹಾರ ಹಿಡಿದು ಚಾಚಿಕೊಂಡಿದೆ. ಅಯ್ಯೋ, ಅಷ್ಟೂ ಫೋಟೋಗಳಲ್ಲಿ ಎಲ್ಲೂ ಅವನ ಮುಖ ಇರಲಿಲ್ಲ.

ಹರಿದು ಒಲೆಗೆ ಹಾಕಬೇಕೆನ್ನಿಸಿತು ನನಗೆ. ಅಮ್ಮ ನನ್ನ ಕೈಯಿಂದ ಕಿತ್ತುಕೊಂಡಳು. ಹುಳುಮನೆಯ ಫೋಟೋವನ್ನು ಮಣೆಯ ಮೇಲೆ ನಿಲ್ಲಿಸಿ, ಹಾರ ಹಿಡಿದ ಆ ಕೈಗೆ ಕುಂಕುಮ ಇಟ್ಟಳು. ಆಮೇಲೆ ಒಳಗಿನಿಂದ ಒಂದು ನಿಂಬೆಹಣ್ಣು ತಂದು ಅದರ ಮುಂದಿಟ್ಟು, ಕೈ ಮುಗಿದಳು.