ಹೆಡೆಯ ಚಿತ್ರಕ್ಕೆ ಮುಗಿದ ಕೈ

ಟೀಚರ್ ಹೆಡೆ ಬಿಚ್ಚಿದ ನಾಗರಹಾವಿನ ಚಿತ್ರವನ್ನು ಎತ್ತಿ ಹಿಡಿದು ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಮಗಳು ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, ಚಿತ್ರಕ್ಕೆ ನಮಸ್ಕಾರ ಮಾಡಿದಳು.

ಅದು ಕಾರ್ಕಳದ ಖಾಸಗಿ ಶಾಲೆಯೊಂದರ ಎಲ್‌ಕೆಜಿ ಪ್ರವೇಶ ಪರೀಕ್ಷೆ. ಟೀಚರ್ ನಕ್ಕು, ಉತ್ತರಕ್ಕೆಂದು ಕಾದು, ಚಿತ್ರವನ್ನು ಕೆಳಗಿಟ್ಟರು. ಮುಂದಿನ ಸರದಿ ನಮ್ಮ ನೆರೆಮನೆಯ ಲವೀನಾರ ಮಗನದು. ಅದೇ ಚಿತ್ರ ಕಂಡದ್ದೇ ತಡ, ಅವನು "ಸ್ನೇಕ್, ಮಿಸ್!" ಎಂದು ಕೂಗಿದ.

ಸಂಜೆ ಫೋನಿನಲ್ಲಿ ಫಲಿತಾಂಶ ಬಂತು. ಅವನಿಗೆ ಸೀಟು ಸಿಕ್ಕಿತು. ನನ್ನ ಮಗಳಿಗೆ ಒಂದೇ ಒಂದು ಅಂಕದಲ್ಲಿ ತಪ್ಪಿತು. ಲವೀನಾ ಕೇಕ್ ಹಿಡಿದುಕೊಂಡು ಬಂದು, "ಬೇಜಾರು ಮಾಡ್ಬೇಡಿ ಅಕ್ಕ, ನಿಮ್ಮ ಮಗಳಿಗೆ ಎಷ್ಟು ಭಕ್ತಿ ಉಂಟು ಅಲ್ವಾ" ಎಂದರು. ಸಮಾಧಾನಕ್ಕೆಂದೇ ಹೇಳಿದ್ದಿರಬೇಕು. ಆದರೂ ಆ ಕೇಕನ್ನು ನಾನು ಮುಟ್ಟಲಿಲ್ಲ. ಶಾಲೆ ಶುರುವಾದ ಮೇಲೆ ಆ ಹುಡುಗನ ಹೊಸ ಟೈ, ಹೊಳೆಯುವ ಶೂ, ಬೆಳಿಗ್ಗೆ ಅವನನ್ನು ಕರೆಯುವ ವ್ಯಾನಿನ ಹಾರ್ನ್ ಎಲ್ಲವೂ ಹೊಟ್ಟೆ ಉರಿಸುತ್ತಿದ್ದವು.

ಮೊನ್ನೆ ವ್ಯಾನ್ ಹೋದ ಬೆನ್ನಿಗೇ ಮಗಳೊಂದಿಗೆ ಕುಕ್ಕುಂದೂರಿನಲ್ಲಿ ಹೆಡೆ ಕೆತ್ತಿದ ಕಲ್ಲುಗಳಿರುವ ನಮ್ಮ ನಾಗಬನದ ಮುಂದೆ ಹೋಗುತ್ತಿದ್ದೆ. ಅವಳು ಎಂದಿನಂತೆ ನಿಂತು ಕೈ ಜೋಡಿಸಿದಳು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಆ ಪುಟ್ಟ ಕೈಗಳನ್ನು ಹಿಡಿದು ಎಳೆದು ಬಿಡಿಸಿದ್ದೆ.

"ಎಂತ ಅಮ್ಮಾ, ನೀನೇ ಹೇಳಿಕೊಟ್ಟದ್ದಲ್ವಾ?" ಎಂದಳು.

ಈಗಲೂ ಬನದ ಮುಂದೆ ಅವಳು ನಿಲ್ಲುತ್ತಾಳೆ. ಆದರೆ ಕೈ ಜೋಡಿಸುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ.